ನಾಲಿಗೆ ಎತ್ತು

ನಮ್ಮ ಅತ್ತೆ ದೆಸ್ಪಾಗೆ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಹಾಡು ಬರುವುದಿಲ್ಲ. ದೊಡ್ಡವನು ರುಮೆನ್ ಬಾಯಿ ತೆರೆದರೆ ಗರಗಸದ ಸದ್ದು, ಮರದ ಮಿಲ್ಲಿನಲ್ಲಿ ಅವನ ಕೆಲಸವೂ ಅದೇ. ಚಿಕ್ಕವನು ಆಸೆನ್, ನನ್ನ ಗಂಡ, ಬಾಯಿ ತೆರೆಯುವುದು ರಾಕಿಯಾ ಸಾರಾಯಿ ಸುರಿದುಕೊಳ್ಳಲು ಮಾತ್ರ. ಸೊಸೆಯರಾಗಿ ಬಂದ ವೆನೆತಾ ಅಕ್ಕ ಮತ್ತು ನಾನು ಅತ್ತೆಯ ಕಿವಿಗೆ ಎರಡು ಕಾಗೆಗಳು. ರೊಡೋಪಿ ಬೆಟ್ಟಗಳಲ್ಲೆಲ್ಲ ತನ್ನ ಗಂಟಲಿಗೆ ಸಾಟಿಯಿಲ್ಲ ಎಂದು ನಂಬಿದ್ದ ಹೆಂಗಸಿಗೆ ದೇವರು ಕೊಟ್ಟ ಸಂಸಾರ ಇದು. ಹೀಗಿರುವಾಗ ರುಮೆನ್ ಭಾವನ ಮಗಳು ಬಿಸೆರಾ, ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸಿನಲ್ಲಿ, ಅಜ್ಜಿಯ ಹಾಡೊಂದನ್ನು ಕೇಳಿದ ಹಾಗೆಯೇ ತಿರುಗಿಸಿ ಹಾಡಿಬಿಟ್ಟಳು. ಅವತ್ತು ಅತ್ತೆ ಆ ಮಗುವನ್ನು ಎತ್ತಿಕೊಂಡವಳು ತಾಯಿಯ ಕೈಗೆ ಮತ್ತೆ ಪೂರ್ತಿಯಾಗಿ ಕೊಡಲೇ ಇಲ್ಲ.

ಅತ್ತೆಯನ್ನು ‘ಅವರು’ ಅನ್ನುವುದನ್ನು ನಾನು ಈ ಜನವರಿಯಲ್ಲಿ ಬಿಟ್ಟೆ. ಎದುರಿಗೆ ಈಗಲೂ ಅನ್ನುತ್ತೇನೆ, ಅದು ಬಾಯಿಯ ಅಭ್ಯಾಸ.

ಬಿಸೆರಾಗೆ ಕಾಯಿಲೆ ಕಾಣಿಸಿಕೊಂಡದ್ದು ಹೋದ ವಸಂತದಲ್ಲಿ, ಹದಿಮೂರು ತುಂಬಿದ ಮೇಲೆ. ಮೊದಲು ನಿದ್ದೆ ಬಾರದಾಯಿತು. ಆಮೇಲೆ ಮಾತು ಹೆಚ್ಚಿತು, ಒಂದು ಮಾತು ಮುಗಿಯುವುದರೊಳಗೆ ಇನ್ನೆರಡು ಶುರುವಾಗುತ್ತಿದ್ದವು. ಒಂದು ಬೆಳಿಗ್ಗೆ ಗೇಟಿಗೆ ಹಚ್ಚಲು ತಂದಿಟ್ಟಿದ್ದ ನೀಲಿ ಬಣ್ಣದ ಡಬ್ಬ ಹೊತ್ತುಕೊಂಡು ಶಾಲೆಗೆ ಹೋಗಿ ಗೋಡೆಗೆಲ್ಲ ಬಳಿದಳು. ತಡೆಯಲು ಬಂದ ಹೆಡ್‌ಮಾಸ್ತರರ ಬೋಳುತಲೆಗೂ ಬಳಿದಳು. ಊರು ನಕ್ಕಿತು, ಎಲ್ಲರಿಗಿಂತ ಜೋರಾಗಿ ಅತ್ತೆ ನಕ್ಕಳು. ಯಾಕೆಂದರೆ ಆ ದಿನಗಳಲ್ಲಿ ಹುಡುಗಿ ಹಾಡುತ್ತಿದ್ದ ರೀತಿಯೇ ಬೇರೆ, ಅಂಗಳದಲ್ಲಿ ನಿಂತು ಎತ್ತಿದರೆ ಎದುರು ಬೆಟ್ಟದ ಕುರುಬರು ತಿರುಗಿ ನೋಡುತ್ತಿದ್ದರು. ಕೊನೆಗೆ ಅವಳು ಬರಿಗಾಲಿನಲ್ಲಿ ಅಣೆಕಟ್ಟಿನ ಮೇಲೆ ಹೋಗಿ, ನೀರಿನ ಮೇಲೆ ನಡೆದು ತೋರಿಸುತ್ತೇನೆ ಎಂದು ಕಟ್ಟೆ ಹತ್ತಿದಳು. ಕಾವಲುಗಾರ ಜಡೆ ಹಿಡಿದು ಹಿಂದಕ್ಕೆ ಎಳೆದುಕೊಂಡ. ಆಗ ಊರಿನ ನಗು ನಿಂತಿತು.

ಬೇಸಿಗೆಯಲ್ಲಿ ಅದೇ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಬಾಚದ ಜಡೆ ಗಂಟುಗಟ್ಟಿತು, ಹೇನು ತುಂಬಿತು. ವೆನೆತಾ ಅಕ್ಕ ಕುರಿಯ ಉಣ್ಣೆ ತೆಗೆಯುವ ಕತ್ತರಿ ತಂದು ಜಡೆಯನ್ನು ಬುಡಕ್ಕೇ ಕತ್ತರಿಸಿದಳು. ಅತ್ತೆ ಅತ್ತದ್ದು ಅವತ್ತು. ಹಬ್ಬದ ಉಡುಪು ಹಾಕಿದರೆ ಜಡೆಯಿಲ್ಲದೆ ಹೇಗೆ ಕಾಣುತ್ತಾಳೆ ಎಂದು ಅತ್ತಳು.

ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರ್ ಪೆಂಚೆವಾ ಎಂಬವರು ಇದನ್ನು ಬೈಪೋಲಾರ್, ಮನಸ್ಸು ಒಮ್ಮೆ ಏರಿ ಒಮ್ಮೆ ಇಳಿಯುವ ಕಾಯಿಲೆ ಎಂದು ಹೇಳಿ, ಲಿಥಿಯಂ ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಜೊತೆಗೆ ತಿಂಗಳಿಗೊಮ್ಮೆ ಇಡೀ ಮನೆಯವರು ಬಂದು ಕೂರಬೇಕು ಎಂದೂ ಹೇಳಿದರು.

‘ಮಗು ಒಂದೇ ಸರಿ ಹೋದ್ರೆ ಆಗಲ್ಲ, ಮನೆನೂ ಸರಿ ಹೋಗ್ಬೇಕು,’ ಅಂದರು.

‘ಮನೆಗೆ ಏನಾಗಿದೆ ಈಗ?’ ಅಂದ ರುಮೆನ್ ಭಾವ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಮಿಲ್ಲಿನ ಮರದ ಪುಡಿ ನೆಲಕ್ಕೆ ಉದುರುತ್ತಿತ್ತು.

ಅವರ ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತ ಹಾಕಿರುತ್ತಿದ್ದರು. ಭಾವ, ವೆನೆತಾ ಅಕ್ಕ, ಅತ್ತೆ, ಬಿಸೆರಾ, ಮತ್ತು ಕಾರು ಓಡಿಸಲು ಬರುವ ನಾನು. ಆಸೆನ್ ಒಮ್ಮೆ ಬಂದು, ವಾಸನೆಗೆ ಡಾಕ್ಟರು ಕಿಟಕಿ ತೆರೆದ ಮೇಲೆ, ಮತ್ತೆ ಬರಲಿಲ್ಲ. ಅಲ್ಲಿ ನಾವು ಕಲಿತದ್ದು ತುಂಬ. ಹುಡುಗಿ ಏರುತ್ತಿದ್ದಾಳೆಂದು ಹೇಗೆ ತಿಳಿಯುವುದು, ಇಳಿಯುತ್ತಿದ್ದಾಳೆಂದು ಹೇಗೆ ತಿಳಿಯುವುದು, ಕೂಗಾಡದೆ ಹೇಗೆ ಮಾತಾಡುವುದು. ಕೊನೆಯದನ್ನು ಭಾವ ಕಲಿಯಲಿಲ್ಲ. ಒಂದು ಸಲ ಡಾಕ್ಟರು ಉಪ್ಪಿನ ವಿಷಯ ತೆಗೆದರು.

‘ಲಿಥಿಯಂ ಅಂದ್ರೆ ಉಪ್ಪಿನ ತಂಗಿ ಅಂದ್ಕೊಳ್ಳಿ. ಊಟದಲ್ಲಿ ಉಪ್ಪು ತೀರಾ ಜಾಸ್ತಿ ಆದ್ರೆ ಮೂತ್ರದ ಜೊತೆ ಇದೂ ಹೊರಗೆ ಹೋಗ್ಬಿಡುತ್ತೆ, ರಕ್ತದಲ್ಲಿ ನಿಲ್ಲಲ್ಲ. ತೀರಾ ಕಡಿಮೆ ಆದ್ರೆ ಒಳಗೇ ತುಂಬ್ಕೊಂಡು ವಿಷ ಆಗುತ್ತೆ. ಹಾಗಾಗಿ ಮನೆ ಅಡುಗೇಲಿ ಉಪ್ಪು ಈಗ ಹೇಗಿದೆಯೋ ಹಾಗೇ ಇರ್ಲಿ.’

ಅತ್ತೆ ಅಲ್ಲಿಯವರೆಗೆ ಯಾವ ಸಭೆಯಲ್ಲೂ ಬಾಯಿ ಬಿಟ್ಟವಳಲ್ಲ. ಅವತ್ತು ಕೇಳಿದಳು. ‘ಜಾಸ್ತಿ ಆದ್ರೆ ವಿಷ ಆಗಲ್ಲ ತಾನೆ, ಡಾಕ್ಟ್ರೇ?’

‘ಆಗಲ್ಲ. ಆದ್ರೆ ಔಷಧಿ ಕೆಲ್ಸ ಮಾಡಲ್ಲ, ಕಾಯಿಲೆ ತಿರುಗಿ ಬರುತ್ತೆ.’

‘ಹಾಂ,’ ಅಂದಳು ಅತ್ತೆ. ‘ವಿಷ ಆಗಲ್ಲ.’

ಡಾಕ್ಟರು ವೆನೆತಾ ಅಕ್ಕನ ಕಡೆ ತಿರುಗಿ, ಇಷ್ಟು ಗಮನ ಕೊಟ್ಟು ಕೇಳುವ ಅಜ್ಜಿ ಎಲ್ಲ ಮಕ್ಕಳಿಗೂ ಸಿಗುವುದಿಲ್ಲ ಎಂದು ಹೊಗಳಿದರು. ಅತ್ತೆ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡಳು.

ಶರತ್ಕಾಲ ಬರುವ ಹೊತ್ತಿಗೆ ಬಿಸೆರಾ ಸರಿಹೋದಳು. ಮೈ ಸ್ವಲ್ಪ ಊದಿತ್ತು, ಚಮಚ ಹಿಡಿದರೆ ಕೈ ತುಸು ನಡುಗುತ್ತಿತ್ತು, ಆದರೆ ಮಲಗುವ ಹೊತ್ತಿಗೆ ಮಲಗಿ ಏಳುವ ಹೊತ್ತಿಗೆ ಏಳುತ್ತಿದ್ದಳು. ನನ್ನ ಜೊತೆ ಕೂತು ಬೀನ್ಸ್ ಬಿಡಿಸುತ್ತಾ, ಆ ನೀಲಿ ಬಣ್ಣದ ಕಥೆಯನ್ನು ತಾನೇ ಹೇಳಿ ನಾಚುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಶಾಲೆಗೆ ತಿರುಗಿ ಹೋಗುವುದು. ಡಿಸೆಂಬರಿನಲ್ಲೂ ಜನವರಿಯಲ್ಲೂ ರಕ್ತದ ಪರೀಕ್ಷೆ ಸರಿ ಬಂದರೆ ಫೆಬ್ರವರಿಯಲ್ಲಿ, ಎರಡನೇ ಅವಧಿಗೆ, ಕಳಿಸಬಹುದು ಎಂದು ಡಾಕ್ಟರು ಮಾತು ಕೊಟ್ಟಿದ್ದರು. ಶಾಲೆಯ ಬಸ್ಸು ನಮ್ಮ ಗೇಟಿನ ಮುಂದೆಯೇ ನಿಲ್ಲುತ್ತದೆ, ತಡವಾದ ಮಕ್ಕಳಿಗಾಗಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಹಾರ್ನ್ ಕೇಳಿದೊಡನೆ ಬಿಸೆರಾ ಕಿಟಕಿಗೆ ಹೋಗಿ ನಿಲ್ಲುತ್ತಿದ್ದಳು. ಪುಸ್ತಕಗಳಿಗೆ ಆಗಲೇ ಹೊಸ ಹೊದಿಕೆ ಹಾಕಿಟ್ಟಿದ್ದಳು.

‘ಚಿಕ್ಕಮ್ಮ, ಅವರು ನನ್ನ ನೋಡಿ ನಗ್ತಾರಾ?’ ಅಂತ ಒಮ್ಮೆ ಕೇಳಿದಳು.

‘ನಗ್ತಾರೆ,’ ಅಂದೆ. ‘ಎರಡು ದಿನ ನಗ್ತಾರೆ. ಆಮೇಲೆ ಇನ್ಯಾರೋ ಸಿಗ್ತಾರೆ.’

ಅದು ಅವಳಿಗೆ ಸಮಾಧಾನ ಕೊಟ್ಟಿತು.

ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. ಊರ ಮುದುಕಿಯರ ಹಾಡಿನ ತಂಡಕ್ಕೆ ಅವಳೇ ಯಜಮಾನಿ. ಜನವರಿಯಲ್ಲಿ ಬರುವ ಅಜ್ಜಿಯರ ಹಬ್ಬಕ್ಕೆ ಟಿವಿಯವರು ಬರುತ್ತಾರೆಂದು ಸುದ್ದಿ ಬಂದಿತ್ತು. ಮಕ್ಕಳನ್ನು ಹೆರಿಸಿದ ಅಜ್ಜಿಯ ಕೈ ತೊಳೆದು, ಉಡುಗೊರೆ ಕೊಟ್ಟು, ಅವಳನ್ನು ಬಂಡಿಯಲ್ಲಿ ಕೂರಿಸಿ ನೀರಿಗೆ ಕರೆದೊಯ್ಯುವ ಹೆಂಗಸರ ಹಬ್ಬ ಅದು, ಗಂಡಸರು ಅವತ್ತು ಬೀದಿಗೆ ಬಂದರೆ ಮಾನ ಉಳಿಯುವುದಿಲ್ಲ. ಊರ ಸೂಲಗಿತ್ತಿ ತೀರಿಕೊಂಡ ಮೇಲೆ, ಹಿಮಕ್ಕೆ ರಸ್ತೆ ಮುಚ್ಚಿದಾಗ ಒಂದಿಬ್ಬರ ಹೆರಿಗೆ ಮಾಡಿಸಿದ್ದ ನಮ್ಮ ಅತ್ತೆಯೇ ಆ ಸ್ಥಾನಕ್ಕೆ ಬಂದಿದ್ದಳು. ಆದರೆ ತಂಡದ ಗಂಟಲುಗಳೆಲ್ಲ ಸವೆದಿದ್ದವು. ಮದುವೆಯಾಗದ ಹುಡುಗಿಯರಿಗೆ ಆ ಹಬ್ಬದಲ್ಲಿ ಜಾಗವಿಲ್ಲ. ನಿಯಮ ಮಾಡುವವಳು ತಾನೇ ಆದ್ದರಿಂದ ಅತ್ತೆ ಅದನ್ನು ಬದಲಾಯಿಸಿದಳು.

‘ಒಂದ್ಸಲ ಎತ್ತು ಬಂಗಾರ, ನೋಡೋಣ.’

ಬಿಸೆರಾ ಒಲೆಯ ಪಕ್ಕ ನಿಂತು ಹಾಡಿದಳು. ಸ್ವರ ಎಲ್ಲೂ ತಪ್ಪಲಿಲ್ಲ. ಕೇಳಿದ ನನಗೆ ಚೆನ್ನಾಗಿಯೇ ಇತ್ತು.

‘ಇದೇನು ಹಾಡೋ, ಕರೆಂಟ್ ಬಿಲ್ ಓದ್ತಿದೀಯೋ?’ ಅಂದಳು ಅತ್ತೆ.

‘ಸಾಕಾಗಲ್ವಾ ಅಜ್ಜಿ?’

‘ಸಾಕು. ಹೆಣದ ಮುಂದೆ ಹಾಡೋಕೆ ಸಾಕು.’

ಬಿಸೆರಾ ಅಳಲಿಲ್ಲ, ಹೋಗಿ ಪುಸ್ತಕ ತೆಗೆದಳು. ಅದು ಅತ್ತೆಯನ್ನು ಇನ್ನೂ ಕೆರಳಿಸಿತು. ಮೊದಲಿನ ಬಿಸೆರಾ ಆಗಿದ್ದರೆ ಕಿರುಚಿ, ಬಾಗಿಲು ಬಡಿದು, ಅರ್ಧ ಗಂಟೆಯ ಮೇಲೆ ಬಂದು ಅಜ್ಜಿಯ ಕುತ್ತಿಗೆಗೆ ಜೋತು ಬೀಳುತ್ತಿದ್ದಳು.

ನಮ್ಮ ಕಡೆ ಚಳಿಗಾಲಕ್ಕೆ ಮೊದಲು ಪ್ರತಿ ಮನೆಯವರೂ ಎಲೆಕೋಸನ್ನು ಇಡಿಯಾಗಿ ಪೀಪಾಯಿಗೆ ತುಂಬಿ, ಉಪ್ಪುನೀರು ಸುರಿದು ನೆಲಮಾಳಿಗೆಯಲ್ಲಿ ಇಡುತ್ತಾರೆ. ಬುಡದ ನಲ್ಲಿಯಿಂದ ನೀರನ್ನು ಬಕೆಟ್ಟಿಗೆ ಬಿಟ್ಟುಕೊಂಡು ಆಗಾಗ ಮೇಲಿನಿಂದ ಮತ್ತೆ ಸುರಿಯಬೇಕು, ಇಲ್ಲದಿದ್ದರೆ ಕೆಡುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯದು, ಇನ್ನೊಬ್ಬರು ಮುಟ್ಟಿದರೆ ಹುಳಿ ಕೆಡುತ್ತದೆ ಎಂದು ಅವಳ ವಾದ. ಕ್ರಿಸ್‌ಮಸ್ಸಿನ ಹೊತ್ತಿಗೆ ಕೋಸೂ ಹದಕ್ಕೆ ಬರುತ್ತದೆ, ನೀರೂ ಹದಕ್ಕೆ ಬರುತ್ತದೆ. ಆ ನೀರನ್ನು ಕುಡಿಯದವರು ಊರಲ್ಲಿಲ್ಲ. ಕುಡಿದ ಮರುದಿನ ತಲೆ ಸಿಡಿದರೆ ಅದು, ಹೊಟ್ಟೆ ಕೆಟ್ಟರೆ ಅದು, ಗಂಟಲು ಕಟ್ಟಿದರೆ ಅದು. ನಾಲಿಗೆ ಚುರ್ ಅನ್ನುವಷ್ಟು ಉಪ್ಪಿದ್ದರೂ ಅದನ್ನು ಉಪ್ಪು ಎಂದು ಲೆಕ್ಕ ಹಿಡಿಯುವವರು ನಮ್ಮಲ್ಲಿ ಯಾರೂ ಇಲ್ಲ. ಅದು ಪೀಪಾಯಿಯ ನೀರು, ಅಷ್ಟೇ.

ಡಿಸೆಂಬರಿನ ರಕ್ತಪರೀಕ್ಷೆ ಸರಿ ಬಂತು. ಬಿಸೆರಾ ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಇಡೀ ದಾರಿ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಹೊಸ ವರ್ಷ ಕಳೆದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು. ಕೈ ನಡುಕ ನಿಂತಿತು. ಮೆಟ್ಟಿಲನ್ನು ಎರಡೆರಡು ಹಾರತೊಡಗಿದಳು. ಅಪ್ಪನ ನಡಿಗೆಯನ್ನು ಅಣಕಿಸಿ ತೋರಿಸಿದರೆ ಭಾವನೇ ಹೊಟ್ಟೆ ಹಿಡಿದುಕೊಂಡು ನಕ್ಕ. ‘ವಾಸಿ ಆಯ್ತು ಬಿಡು,’ ಅಂದ. ಅಡುಗೆಮನೆಯಿಂದ ಹಾಡು ಕೇಳತೊಡಗಿತು, ಅದು ಕರೆಂಟ್ ಬಿಲ್ ಓದಿದ ಹಾಗೆ ಇರಲಿಲ್ಲ. ನಾನು ಬೆಳಕು ಹರಿಯುವ ಮೊದಲೇ ಪಟ್ಟಣದ ಹೊಲಿಗೆ ಕಾರ್ಖಾನೆಗೆ ಹೋಗಿ ಕತ್ತಲಾದ ಮೇಲೆ ಬರುವವಳು, ಆದರೂ ನನಗೆ ಹೆದರಿಕೆಯಾಯಿತು. ‘ಏರ್ತಿದಾಳೆ ಅಕ್ಕ,’ ಅಂದೆ. ವೆನೆತಾ ಅಕ್ಕನಿಗೂ ಗೊತ್ತಿತ್ತು.

ಜನವರಿಯ ರಕ್ತದಲ್ಲಿ ಲಿಥಿಯಂ ಅರ್ಧಕ್ಕರ್ಧ ಇಳಿದಿತ್ತು.

‘ಉಪ್ಪಿನಲ್ಲಿ ಏನಾದ್ರೂ ಬದಲಾವಣೆ ಆಗಿದ್ಯಾ?’ ಡಾಕ್ಟರು ಎಲ್ಲರ ಮುಖ ನೋಡಿದರು.

‘ಅಡುಗೆ ನನ್ನದೇ ಡಾಕ್ಟ್ರೇ,’ ಅಂದಳು ಅತ್ತೆ. ‘ಒಂದು ಚಿಟಿಕೆ ಹೆಚ್ಚು ಬಿದ್ದಿದ್ರೆ ಕೇಳಿ.’

‘ಬಿಸೆರಾ, ನೀನು ಹೊರಗೆ ಏನಾದ್ರೂ ಉಪ್ಪಿನ ತಿಂಡಿ ತಿಂತಿದೀಯಾ?’

‘ಇಲ್ಲ,’ ಅಂದಳು ಬಿಸೆರಾ. ಅದು ನಿಜವೇ ಆಗಿತ್ತು.

ಡಾಕ್ಟರು ನಿಟ್ಟುಸಿರು ಬಿಟ್ಟರು. ಹಾಗಾದರೆ ಉಳಿದದ್ದು ಒಂದೇ, ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ. ಮಾತ್ರೆಯ ಪ್ರಮಾಣ ಈಗಲೇ ಏರಿಸುವುದಿಲ್ಲ, ಮೊದಲು ನುಂಗುತ್ತಾಳೋ ನೋಡಿ, ಹತ್ತು ದಿನ ಬಿಟ್ಟು ಮತ್ತೆ ರಕ್ತ ನೋಡೋಣ ಅಂದರು. ಈ ವಯಸ್ಸಿನ ಮಕ್ಕಳು ನಾಲಿಗೆಯ ಅಡಿ ಮುಚ್ಚಿಟ್ಟು ಆಮೇಲೆ ಉಗುಳುತ್ತಾರೆ ಎಂದು ವೆನೆತಾ ಅಕ್ಕನಿಗೆ ತಿಳಿಸಿ ಹೇಳಿದರು.

‘ನಾನು ನುಂಗ್ತೀನಿ,’ ಅಂದಳು ಬಿಸೆರಾ. ‘ದಿನಾ ನುಂಗ್ತೀನಿ.’

‘ಅವಳ ಮೇಲೆ ಸಿಟ್ಟಾಗ್ಬೇಡಿ. ಸುಳ್ಳು ಅವಳು ಹೇಳ್ತಿಲ್ಲ, ಕಾಯಿಲೆ ಹೇಳಿಸ್ತಿದೆ.’

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ನಮ್ಮ ಮನೆಯವರು ಅದನ್ನು ದೊಣ್ಣೆ ಮಾಡಿಕೊಂಡರು.

ಮರುದಿನದಿಂದ ವೆನೆತಾ ಅಕ್ಕ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಚಮಚ ಹಿಡಿದು ನಿಂತಳು. ಊಟದ ಮೇಜಿನ ಮುಂದೆ, ಎಲ್ಲರೆದುರಿಗೆ. ‘ಬಾಯಿ ತೆಗಿ. ನಾಲಿಗೆ ಎತ್ತು. ಈ ಕಡೆ ದವಡೆ. ಇನ್ನೊಂದ್ಸಲ ಎತ್ತು.’ ಚಮಚದ ಹಿಡಿಯಿಂದ ಕೆನ್ನೆಯ ಒಳಗನ್ನು ಒತ್ತಿ ನೋಡುವಳು. ಮಾತ್ರೆ ಸಿಗಲಿಲ್ಲ. ಸಿಗದಿದ್ದಷ್ಟೂ ಅವಳ ಅನುಮಾನ ಬಲಿಯಿತು, ಹುಡುಗಿ ಅಷ್ಟು ಜಾಣೆಯಾಗಿಬಿಟ್ಟಳೇ ಎಂದು. ಹಾಸಿಗೆ ಕೊಡವಿದರು, ಬೂಟಿನೊಳಗೆ ಕೈ ಹಾಕಿದರು, ಹೊದಿಕೆ ಹಾಕಿದ್ದ ಪುಸ್ತಕಗಳ ಹೊದಿಕೆ ಕಿತ್ತರು. ಬಿಸೆರಾ ಏರುತ್ತಿದ್ದ ಹುಡುಗಿ, ಸುಮ್ಮನಿರುವುದು ಅವಳ ಕೈಯಲ್ಲಿರಲಿಲ್ಲ. ಒಂದು ಸಲ ಚಮಚ ಕಚ್ಚಿ ಹಿಡಿದು ನಕ್ಕಳು. ಭಾವ ಎದ್ದು ಬಂದು ಕೆನ್ನೆಗೆ ಬಾರಿಸಿದ. ಚಮಚ ಒಸಡಿಗೆ ತಾಗಿ ರಕ್ತ ಬಂತು.

‘ಎಲ್ಲಿ ಹಾಕ್ತಿದೀಯ ಹೇಳು.’

‘ನುಂಗ್ತಿದೀನಿ ಅಪ್ಪ.’

ಇನ್ನೊಂದು ಏಟು. ಅತ್ತೆ ಮೇಜಿನ ತುದಿಯಲ್ಲಿ ಕೂತು ಬ್ರೆಡ್ಡನ್ನು ಸೂಪಿಗೆ ಅದ್ದಿ ತಿನ್ನುತ್ತಿದ್ದಳು.

‘ಎಲ್ಲಿ ಹಾಕ್ತಿದೀಯ?’

‘ಒಲೆಗೆ,’ ಅಂದಳು ಬಿಸೆರಾ. ‘ಒಲೆಗೆ ಹಾಕಿದೆ. ಎಲ್ಲಾನೂ ಒಲೆಗೆ ಹಾಕಿದೆ.’

ಭಾವ ಗೆದ್ದವನ ಹಾಗೆ ಕೂತು ರಾಕಿಯಾ ಬಗ್ಗಿಸಿಕೊಂಡ. ವೆನೆತಾ ಅಕ್ಕ ಅತ್ತಳು. ಶಾಲೆಯ ಮಾತು ಇನ್ನು ಈ ಮನೆಯಲ್ಲಿ ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ಅತ್ತೆ ಹುಡುಗಿಯ ಬಾಯಿ ಒರೆಸಿ, ‘ಬಾ ಬಂಗಾರ, ಗಂಟಲಿಗೆ ಏನಾದ್ರೂ ಕೊಡ್ತೀನಿ,’ ಎಂದು ನೆಲಮಾಳಿಗೆಗೆ ಕರೆದುಕೊಂಡು ಹೋದಳು.

ಡಾಕ್ಟರು ಹೇಳಿದ ಹತ್ತು ದಿನ ತುಂಬುವ ಮೊದಲೇ ಹಬ್ಬ ಬಂತು. ಊರ ಸಭಾಂಗಣದಲ್ಲಿ ಹೆಂಗಸರು ಕೆಂಪು ಮೆಣಸಿನಕಾಯಿ ಹಾರ ಹಾಕಿಕೊಂಡು, ಮಡಕೆಗಟ್ಟಲೆ ವೈನು ಇಟ್ಟುಕೊಂಡು ಕೂತಿದ್ದರು. ಟಿವಿಯ ಕ್ಯಾಮೆರಾದವನು ಗಂಡಸಾದ್ದರಿಂದ ಅವನಿಗೆ ಲಂಗ ಉಡಿಸಿ, ತಲೆಗೆ ಬಟ್ಟೆ ಕಟ್ಟಿ ಒಳಗೆ ಬಿಟ್ಟರು. ಅತ್ತೆಯ ಕೈಗೆ ನೀರು ಹಾಕಿ, ಸೋಪು ಟವೆಲ್ಲು ಕೊಟ್ಟ ಮೇಲೆ ಬಿಸೆರಾ ನಡುವೆ ಬಂದು ನಿಂತಳು. ಮೋಟು ಕೂದಲಿಗೆ ಅತ್ತೆ ಉಣ್ಣೆಯ ಜಡೆ ಹೆಣೆದು ಕಟ್ಟಿದ್ದಳು.

ಅವಳು ಹಾಡಿದಳು. ನಾನು ಕಾಗೆಯಾದರೂ ಕಿವುಡಿಯಲ್ಲ. ಅಂಥದ್ದನ್ನು ನಾನು ಮೊದಲು ಕೇಳಿರಲಿಲ್ಲ, ಇನ್ನು ಕೇಳುವುದೂ ಇಲ್ಲ. ಮುದುಕಿಯರು ಅತ್ತರು, ಲಂಗ ಉಟ್ಟ ಕ್ಯಾಮೆರಾದವನೂ ಅತ್ತ. ಅತ್ತೆ ಅಳಲಿಲ್ಲ. ನನ್ನದು ನನಗೆ ಸಿಕ್ಕಿತು ಎಂಬಂತೆ ಕೂತಿದ್ದಳು.

ಹಾಡು ಮುಗಿದ ಮೇಲೆ ಬಿಸೆರಾ ನಿಲ್ಲಿಸಲಿಲ್ಲ. ಇನ್ನೊಂದು ಎತ್ತಿದಳು, ಮತ್ತೊಂದು ಎತ್ತಿದಳು, ತಂಡದವರು ಬಾಯಿ ತೆರೆದರೆ ಅವರ ಮೇಲೆಯೇ ಹಾಡಿದಳು. ಬಂಡಿ ತಂದರು. ಚಕ್ರವಿಲ್ಲದ, ಹಿಮದ ಮೇಲೆ ಜಾರಿಕೊಂಡು ಹೋಗುವ ಮರದ ಬಂಡಿ. ಅತ್ತೆಯನ್ನು ಕೂರಿಸಿ ಹೆಂಗಸರು ನಿಧಾನವಾಗಿ ಊರ ಕಲ್ಲುತೊಟ್ಟಿಯವರೆಗೆ ಎಳೆದು, ಮುಖಕ್ಕೆ ನಾಲ್ಕು ಹನಿ ನೀರು ಚಿಮುಕಿಸುವುದು ಪದ್ಧತಿ. ಬಿಸೆರಾ ಹಗ್ಗ ಕಿತ್ತುಕೊಂಡು ಓಡಿದಳು.

ಇಳಿಜಾರು. ನಾನು ‘ಹಿಡೀರಿ ಅವಳನ್ನ’ ಎಂದು ಕೂಗಿದೆ. ಅವತ್ತು ಎಲ್ಲರೂ ಕೂಗುತ್ತಿದ್ದರು. ಅತ್ತೆ ‘ನಿಲ್ಸು, ನಿಲ್ಸು’ ಎಂದು ಕಿರುಚಿದಷ್ಟೂ ಹೆಂಗಸರು ಚಪ್ಪಾಳೆ ತಟ್ಟಿದರು, ಮುದುಕಿ ಒಳ್ಳೆ ನಾಟಕ ಆಡುತ್ತಾಳೆ ಎಂದು. ಬಂಡಿ ತೊಟ್ಟಿಯ ಕಲ್ಲಿಗೆ ಬಡಿಯಿತು. ಅತ್ತೆ ಕಲ್ಲಿನ ಮೇಲೆ ಬಿದ್ದಳು. ಬಿಸೆರಾ ಮಂಜುಗಡ್ಡೆ ಒಡೆದು, ಬೊಗಸೆ ಬೊಗಸೆ ನೀರು ತೆಗೆದು ಅಜ್ಜಿಯ ಮುಖಕ್ಕೆ ಸುರಿಯುತ್ತಾ ಹಾಡುತ್ತಿದ್ದಳು. ಅತ್ತೆಯ ಒಂದು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ನಾನು ಓಡಿ ಹೋಗಿ ಹುಡುಗಿಯನ್ನು ತಬ್ಬಿ ಹಿಡಿಯುವವರೆಗೂ ಹಿಂದೆ ಚಪ್ಪಾಳೆ ಕೇಳುತ್ತಿತ್ತು.

ಬಂದದ್ದು ಒಂದೇ ಆಂಬುಲೆನ್ಸು. ಅತ್ತೆಯನ್ನು ಮಲಗಿಸಿದರು, ಬಿಸೆರಾಳನ್ನು ಪಕ್ಕದ ಸೀಟಿಗೆ ಬೆಲ್ಟಿನಿಂದ ಕಟ್ಟಿದರು, ನಾನು ನಡುವೆ ಕೂತೆ. ಹುಡುಗಿ ಪಟ್ಟಣದವರೆಗೂ ಹಾಡಿದಳು, ತುಟಿ ನೀಲಿಯಾಗಿತ್ತು. ಅತ್ತೆ ನರಳುತ್ತಿದ್ದವಳು ಒಂದು ತಿರುವಿನಲ್ಲಿ ನನ್ನ ಕೈ ಹಿಡಿದಳು. ನೀರು ಕೇಳುತ್ತಾಳೇನೋ ಎಂದು ಬಗ್ಗಿದೆ.

‘ಕೇಳಿಸ್ತಾ,’ ಅಂದಳು, ‘ಆ ಮೇಲಿನ ಸ್ವರ?’

ಅತ್ತೆಯ ಸೊಂಟದ ಮೂಳೆ ಮುರಿದಿತ್ತು. ಬಿಸೆರಾಳನ್ನು ಅದೇ ಆಸ್ಪತ್ರೆಯ ಇನ್ನೊಂದು ಕಟ್ಟಡದಲ್ಲಿ, ಒಳಗಿನಿಂದ ಹಿಡಿಯಿಲ್ಲದ ಬಾಗಿಲಿನ ಹಿಂದೆ ಇಟ್ಟರು. ಹುಚ್ಚು ಹುಡುಗಿ ಅಜ್ಜಿಯನ್ನು ಕೊಲ್ಲಲು ಹೋದಳು ಎಂದು ಊರು ಮಾತಾಡಿತು. ಅದನ್ನು ಮೊದಲು ಹೇಳಿದವನು ಅವಳ ಅಪ್ಪ.

ಪೀಪಾಯಿಯ ನೀರು ತಿರುಗಿಸುವವರು ಯಾರೂ ಇಲ್ಲದೆ ಕೆಲಸ ನನಗೆ ಬಿತ್ತು. ನಲ್ಲಿ ತೆಗೆದರೆ ಅರ್ಧ ಬಕೆಟ್ಟೂ ಬರಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಮೇಲಿನ ಕೋಸುಗಳು ಒಣಗಿ ಬೂಷ್ಟು ಹಿಡಿದಿದ್ದವು. ಕುಡಿದು ಖಾಲಿ ಮಾಡಿದ್ದಕ್ಕೆ ಆಸೆನ್‌ನನ್ನು ಬೈದೆ.

‘ನಾನೆಲ್ಲಿ ಕುಡಿದೆ?’ ಅಂದ. ‘ಅಮ್ಮ ಕುಡಿಸ್ತಿದ್ಲಲ್ಲ ಬಿಸೆರಾಗೆ. ಬೆಳಿಗ್ಗೆ ದೊಡ್ಡ ಲೋಟ, ಸಂಜೆ ದೊಡ್ಡ ಲೋಟ. ಗಂಟಲಿಗೆ ಅಂತ. ನಾನು ಕೇಳಿದ್ರೆ ಒಂದು ಗುಟುಕೂ ಇಲ್ಲ.’

ಬಕೆಟ್ಟಿನ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಹುಟ್ಟಿದಾಗಿನಿಂದ ಕುಡಿದ ನೀರು. ಅವತ್ತು ಮೊದಲ ಸಲ ಅದು ನನಗೆ ಉಪ್ಪಾಗಿ ರುಚಿಸಿತು.

ಮೂಳೆಯ ವಾರ್ಡಿನಲ್ಲಿ ಅತ್ತೆ ದಿಂಬಿಗೊರಗಿ ಕೂತು, ಟಿವಿಯಲ್ಲಿ ತನ್ನ ಮೊಮ್ಮಗಳು ಬರುವುದನ್ನು ಪಕ್ಕದ ಹಾಸಿಗೆಯವರಿಗೆಲ್ಲ ಹೇಳುತ್ತಿದ್ದಳು. ಬಂಡಿಯ ಭಾಗವನ್ನು ತೆಗೆದು ಹಾಡನ್ನು ಮಾತ್ರ ಹಾಕುತ್ತಾರಂತೆ.

‘ಪೀಪಾಯಿ ನೀರು ಯಾಕೆ ಕೊಟ್ರಿ ಅತ್ತೆ?’

‘ಗಂಟಲಿಗೆ.’

‘ಗಂಟಲಿಗೆ ಒಂದು ಗುಟುಕು ಸಾಕಿತ್ತು.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾಚಿಕೆಯ ಸುಳಿವೂ ಇರಲಿಲ್ಲ. ‘ವಿಷ ಆಗಲ್ಲ ಅಂತ ಡಾಕ್ಟ್ರೇ ಹೇಳಿದ್ರು. ಕೇಳ್ಕೊಂಡೇ ಕೊಟ್ಟೆ. ನಾನೇನು ದಡ್ಡಿನಾ?’

‘ಕಾಯಿಲೆ ವಾಪಸ್ ಬರುತ್ತೆ ಅಂತಾನೂ ಹೇಳಿದ್ರು.’

‘ನೀವೆಲ್ಲ ಸೇರ್ಕೊಂಡು ಒಂದು ಗೊಂಬೆ ಮಾಡಿಟ್ಟಿದ್ರಿ. ತಿನ್ನು ಅಂದ್ರೆ ತಿನ್ನುತ್ತೆ, ಮಲಗು ಅಂದ್ರೆ ಮಲಗುತ್ತೆ. ನನ್ನ ಮೊಮ್ಮಗಳು ಎಲ್ಲಿ ಹೋದ್ಲು ಅಂತ ನಿಮ್ಮಲ್ಲಿ ಒಬ್ಬರಾದ್ರೂ ಕೇಳಿದ್ರಾ? ನಾನು ಹೋಗಿ ಕರ್ಕೊಂಡ್ ಬಂದೆ. ಒಂದು ದಿನಕ್ಕೆ ಬಂದ್ಲು. ಊರೆಲ್ಲ ಕೇಳ್ತು.’

‘ರುಮೆನ್ ಭಾವ ಅವಳಿಗೆ ಹೊಡೀವಾಗ ಪಕ್ಕದಲ್ಲೇ ಕೂತು ಸೂಪು ಕುಡೀತಿದ್ರಿ.’

‘ಅಪ್ಪ ಹೊಡೆದ್ರೆ ಏನು ಸತ್ತೋಗ್ತಾಳಾ,’ ಅಂದಳು ಅತ್ತೆ. ‘ಆ ದಿಂಬು ಸ್ವಲ್ಪ ಎತ್ತರಿಸು.’

ಎತ್ತರಿಸಲಿಲ್ಲ. ಆ ಮಾತು ಎಲ್ಲರೆದುರಿಗೆ ಆಗಬೇಕೆಂದು ತೀರ್ಮಾನಿಸಿದೆ.

ಮುಂದಿನ ಸಭೆಗೆ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಬಿಸೆರಾಳನ್ನು ನರ್ಸು ತೋಳು ಹಿಡಿದು ಕರೆತಂದಳು. ಹುಡುಗಿಗೆ ಎಷ್ಟು ಔಷಧಿ ಕೊಟ್ಟಿದ್ದರೋ, ಕಾಲನ್ನು ನೆಲದಿಂದ ಎತ್ತದೆ ನಡೆಯುತ್ತಿದ್ದಳು, ತುಟಿಯ ಮೂಲೆಯಲ್ಲಿ ಜೊಲ್ಲು. ಉಣ್ಣೆಯ ಜಡೆಯ ಒಂದು ಎಳೆ ಇನ್ನೂ ಕೂದಲಿಗೆ ಅಂಟಿಕೊಂಡಿತ್ತು. ನಾನು ಪೀಪಾಯಿಯ ವಿಷಯ ಹೇಳಿದೆ. ಅತ್ತೆ ಹೌದು ಕೊಟ್ಟೆ ಅಂದಳು, ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಹೇಳುವವಳ ಹಾಗೆ.

ಡಾಕ್ಟರ್ ಪೆಂಚೆವಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಉಪ್ಪು ಅಂದ್ರೆ ಪೀಪಾಯಿ ನೀರು ಅಂತ ನನಗೆ ಹೊಳೀಲೇ ಇಲ್ಲ,’ ಅಂದರು. ‘ನಮ್ಮ ಮನೇಲೂ ಇಟ್ಟಿದೀವಿ.’

‘ಆಗಿದ್ದು ಆಗಿಹೋಯ್ತು,’ ಅಂದ ಭಾವ. ‘ಅಮ್ಮ ಪ್ರೀತಿಗೆ ಮಾಡಿದ್ದು. ಮಾಲಿನಾ, ನಿನಗೆ ಮನೆ ಒಡೆಯೋ ಚಟ.’

ಆಗ ಬಿಸೆರಾ ಬಾಯಿ ಬಿಟ್ಟಳು. ನಾಲಿಗೆ ದಪ್ಪವಾಗಿತ್ತು, ಮಾತು ನಿಧಾನವಾಗಿ ಬಂತು.

‘ಹಾಗಾದ್ರೆ ನಾನು ಮಾತ್ರೆ ನುಂಗ್ತಿದ್ದೆ, ಅಲ್ವಾ?’

ಅವಳು ಅಮ್ಮನ ಕಡೆ ತಿರುಗಿದಳು.

‘ಒಲೆಗೆ ಹಾಕಿದ್ದು ನನಗೆ ನೆನಪಿದೆ ಅಮ್ಮ. ಉರಿ ಬೆಳ್ಳಗೆ ಬಂತು. ಅದು ಆಗ್ಲೇ ಇಲ್ವಾ?’

‘ಡಾಕ್ಟ್ರು ನೋಡು ಅಂದ್ರು, ನಾನು ನೋಡಿದೆ,’ ಅಂದಳು ವೆನೆತಾ ಅಕ್ಕ. ‘ನಾನೇನು ಮಾಡ್ಲಿ.’

‘ಆಗಿಲ್ಲ ಬಿಸೆರಾ,’ ಅಂದರು ಡಾಕ್ಟರು. ‘ನೀನು ದಿನಾ ನುಂಗ್ತಿದ್ದೆ. ತಪ್ಪು ತಿಳ್ಕೊಂಡಿದ್ದು ನಾನು.’

ಆ ಕೋಣೆಯಲ್ಲಿ ಹಾಗೆ ಹೇಳಿದವರು ಅವರೊಬ್ಬರೇ, ಅವರು ನಮ್ಮ ಮನೆಯವರಲ್ಲ. ಬಿಸೆರಾ ತುಂಬ ಹೊತ್ತು ಅಜ್ಜಿಯನ್ನು ನೋಡಿದಳು. ಸಿಟ್ಟಿನಿಂದಲ್ಲ. ತರಗತಿಯಲ್ಲಿ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಳ್ಳಲು ಮಕ್ಕಳು ಹೇಗೆ ನೋಡುತ್ತಾರೋ ಹಾಗೆ.

ಫೆಬ್ರವರಿಯಲ್ಲಿ ಇಬ್ಬರನ್ನೂ ಮನೆಗೆ ಕಳಿಸಿದರು. ಈ ವರ್ಷ ಶಾಲೆಯ ಮಾತಿಲ್ಲ. ಸಹಪಾಠಿಗಳ ತಾಯಂದಿರು ಹೆಡ್‌ಮಾಸ್ತರರ ಬಳಿ ಹೋಗಿ, ಅಜ್ಜಿಯನ್ನೇ ಬಿಡದವಳು ನಮ್ಮ ಮಕ್ಕಳನ್ನು ಬಿಡುತ್ತಾಳಾ ಎಂದು ಕೇಳಿದ್ದರಂತೆ. ಅತ್ತೆಗೆ ಕೆಳಗಿನ ಕೋಣೆಯಲ್ಲಿ ಹಾಸಿಗೆ. ಅವಳಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ರಕ್ತದೊತ್ತಡದ ಮಾತ್ರೆ, ಊಟಕ್ಕೆ ಉಪ್ಪು ಪೂರ್ತಿ ನಿಷೇಧ. ಮಾತ್ರೆ ಕಂಡರೆ ಅವಳಿಗೆ ಅಸಹ್ಯ, ಎರಡು ಸಲ ಉಗುಳಿ ಹೂಕುಂಡಕ್ಕೆ ಹಾಕಿ ಸಿಕ್ಕಿಬಿದ್ದಳು. ವೆನೆತಾ ಅಕ್ಕ ಬೇಸತ್ತಿದ್ದಳು. ಹುಡುಗಿಗೆ ಮನೆಯಲ್ಲಿ ಏನಾದರೂ ಜವಾಬ್ದಾರಿ ಕೊಡಿ ಎಂದು ಡಾಕ್ಟರೂ ಹೇಳಿದ್ದರು. ಅಜ್ಜಿಯ ಮಾತ್ರೆ ಬಿಸೆರಾಳ ಪಾಲಿಗೆ ಬಂತು.

ಮೊನ್ನೆ ನನಗೆ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಮನೆಯಲ್ಲಿದ್ದೆ. ಅತ್ತೆಯ ಕೋಣೆಯ ಬಾಗಿಲು ತೆರೆದಿತ್ತು. ಟಿವಿಯಲ್ಲಿ ಅದೇ ಹಾಡು, ಅತ್ತೆ ಅದನ್ನು ಯಾರ ಕೈಯಲ್ಲೋ ರೆಕಾರ್ಡ್ ಮಾಡಿಸಿಟ್ಟುಕೊಂಡಿದ್ದಾಳೆ. ಬಿಸೆರಾ ಒಳಗೆ ಬಂದು ಮೊದಲು ಟಿವಿ ಆರಿಸಿದಳು. ಆಮೇಲೆ ಮಾತ್ರೆ ಕೊಟ್ಟು, ನೀರು ಕೊಟ್ಟು, ಏಪ್ರನ್ನಿನ ಜೇಬಿನಿಂದ ಟಾರ್ಚು ಮತ್ತು ಚಮಚ ತೆಗೆದಳು.

‘ಬಾಯಿ ತೆಗಿ ಅಜ್ಜಿ.’

‘ನುಂಗಿದೆ.’

‘ತೆಗಿ.’

ಅತ್ತೆ ತೆರೆದಳು. ಬೆಟ್ಟಗಳಲ್ಲೆಲ್ಲ ಸಾಟಿಯಿಲ್ಲದ ಬಾಯಿ, ಕೆಳಗಿನ ಸಾಲಿನಲ್ಲಿ ಮೂರೋ ನಾಲ್ಕೋ ಹಲ್ಲು.

‘ನಾಲಿಗೆ ಎತ್ತು. ಈ ಕಡೆ ದವಡೆ.’

‘ನುಂಗಿದೆ ಅಂದ್ನಲ್ಲ ಬಂಗಾರ,’ ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು. ‘ನಾನ್ಯಾಕೆ ನಿನ್ನ ಹತ್ರ ಸುಳ್ಳು ಹೇಳ್ಲಿ?’

ಅವಳು ನಿಜವಾಗಿಯೂ ನುಂಗಿದ್ದಳು. ಗಂಟಲು ಕದಲಿದ್ದನ್ನು ಬಾಗಿಲಲ್ಲಿ ನಿಂತ ನಾನೇ ನೋಡಿದ್ದೆ. ಹೊರಗೆ ಶಾಲೆಯ ಬಸ್ಸು ಬಂದು ನಿಂತು, ತಡವಾದ ಯಾರಿಗೋ ಹಾರ್ನ್ ಹೊಡೆಯಿತು. ಬಿಸೆರಾ ಕಿಟಕಿಯ ಕಡೆ ತಿರುಗಲಿಲ್ಲ.

‘ಸುಳ್ಳು ನೀನು ಹೇಳ್ತಿಲ್ಲ ಅಜ್ಜಿ,’ ಅಂದಳು ಮೆಲ್ಲಗೆ, ‘ಕಾಯಿಲೆ ಹೇಳಿಸ್ತಿದೆ.’

ಚಮಚದ ಹಿಡಿಯನ್ನು ಅತ್ತೆಯ ಕೆನ್ನೆಯೊಳಗೆ ಇಟ್ಟು ಒತ್ತಿದಳು. ಬಸ್ಸು ಹೊರಟು ಹೋಯಿತು. ನಾನು ಬಾಗಿಲು ಎಳೆದುಕೊಂಡೆ, ಒಳಗಿನ ದನಿ ಆದರೂ ಕೇಳುತ್ತಿತ್ತು.

‘ಇನ್ನೊಂದ್ಸಲ ಎತ್ತು.’